ಕಿಡಿಯ ಕುಶಲಕರ್ಮಿ ರಾಬರ್ಟ್ ಬಾಷ್

ಮಹನೀಯರೆಂದರೆ ಕವಿಗಳನ್ನೂ ರಾಜರನ್ನೂ ಸ್ಮರಿಸುವುದು ನಮ್ಮಲ್ಲಿ ವಾಡಿಕೆ. ಕೈಗೆ ಎಣ್ಣೆ ಮೆತ್ತಿಕೊಂಡು ದುಡಿದವರು ಆ ಸಾಲಿಗೆ ಸೇರುವುದು ಅಪೂರ್ವ. ಅಂಥವರಲ್ಲೊಬ್ಬರ ಚರಿತ್ರೆಯನ್ನು ವಾಚಕರ ಮುಂದಿಡುವುದು ನನ್ನ ಉದ್ದೇಶ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೈಕೋ ಅವರ ಸಂಸ್ಥೆಯ ಸಂಬಂಧದಿಂದ ಬೆಳೆದದ್ದು. ನಮ್ಮ ರಾಮನಗರ ತಾಲ್ಲೂಕಿನ ಬಿಡದಿಯಲ್ಲಿಯೂ ಅವರ ಹೆಸರು ಹೊತ್ತ ಕಾರ್ಖಾನೆಯಿದೆ. ಆ ಹೆಸರು ನಮಗೆ ಚಿರಪರಿಚಿತ. ಆ ಮನುಷ್ಯ ಮಾತ್ರ ಅಪರಿಚಿತ.

ರಾಬರ್ಟ್ ಬಾಷ್ ಅವರು 1861ನೆಯ ಸೆಪ್ಟೆಂಬರ್ 23ರಂದು ಜರ್ಮನಿಯ ಉಲ್ಮ್ ನಗರದ ಬಳಿಯ ಆಲ್ಬೆಕ್ ಎಂಬ ಹಳ್ಳಿಯಲ್ಲಿ ಜನಿಸಿದರು. ಹನ್ನೆರಡು ಮಕ್ಕಳಲ್ಲಿ ಇವರು ಹನ್ನೊಂದನೆಯವರು. ತಂದೆ ಬೇಸಾಯಗಾರರು, ಜೊತೆಗೆ ದಾರಿಹೋಕರ ತಂಗುಮನೆಯೊಂದನ್ನೂ ನಡೆಸುತ್ತಿದ್ದರು. ಬಾಲಕನು ಉಲ್ಮ್‌ನಲ್ಲಿ ಸೂಕ್ಷ್ಮಯಂತ್ರಗಳ ಕೆಲಸ ಕಲಿತನು. 1884ರಲ್ಲಿ ಅಮೆರಿಕಕ್ಕೆ ಹೋಗಿ ಎಡಿಸನ್ನರ ಕಾರ್ಖಾನೆಯಲ್ಲಿಯೂ, ಬಳಿಕ ಇಂಗ್ಲೆಂಡಿನಲ್ಲಿ ಸೀಮೆನ್ಸ್ ಸಂಸ್ಥೆಯಲ್ಲಿಯೂ ದುಡಿದರು. 1886ನೆಯ ನವೆಂಬರ್ 15ರಂದು ಸ್ಟುಟ್‌ಗಾರ್ಟಿನಲ್ಲಿ ಸ್ವಂತ ಕಾರ್ಯಾಗಾರ ತೆರೆದಾಗ ಜೊತೆಗಿದ್ದವರು ಒಬ್ಬ ಕೆಲಸಗಾರ, ಒಬ್ಬ ಹುಡುಗ, ಇಷ್ಟೇ.

ಮರುವರ್ಷ ಗಿರಾಕಿಯೊಬ್ಬರ ಕೋರಿಕೆಯಂತೆ ನಿಂತಲ್ಲಿ ಓಡುವ ಎಂಜಿನ್ನಿಗೆ ಮ್ಯಾಗ್ನೆಟೊ ತಯಾರಿಸಿಕೊಟ್ಟರು. 1897ರಲ್ಲಿ ಅದನ್ನು ವೇಗದ ಎಂಜಿನ್ನಿಗೆ ಹೊಂದಿಸಿ ಮೂರು ಚಕ್ರದ ಮೋಟಾರು ಬಂಡಿಯೊಂದಕ್ಕೆ ಅಳವಡಿಸಿದರು. ಆಗ ಕಿಡಿ ಹುಟ್ಟುತ್ತಿದ್ದುದು ಸಿಲಿಂಡರಿನೊಳಗೇ ಅಲುಗಾಡುವ ಸಂಪರ್ಕಗಳಿಂದ. ಆ ಮಾಲು ಚೆನ್ನಾಗಿ ಮಾರಾಟವಾಗುತ್ತಿದ್ದರೂ ಬಾಷ್ ಅವರು ಅಷ್ಟಕ್ಕೆ ತೃಪ್ತರಾಗಲಿಲ್ಲ. 1902ರಲ್ಲಿ ಅವರ ಸಹೋದ್ಯೋಗಿ ಗಾಟ್ಲೋಬ್ ಹೊನೊಲ್ಡ್ ಹೆಚ್ಚು ವೋಲ್ಟಿನ ಮ್ಯಾಗ್ನೆಟೊವನ್ನೂ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಪಡಿಸಿದರು. ತಮ್ಮದೇ ಹಳೆಯ ಮಾಲನ್ನು ಹಿಂದೆ ಹಾಕುವ ಈ ಹೊಸದನ್ನು ಬಾಷ್ ಸಂತೋಷದಿಂದ ಸ್ವೀಕರಿಸಿದರು. ಅಮೆರಿಕದ ಕೆಟರಿಂಗ್ 1910ರ ಹೊತ್ತಿಗೆ ರೂಢಿಗೆ ತಂದ ಬ್ಯಾಟರಿ ಇಗ್ನಿಷನ್ನನ್ನು 1920ರ ದಶಕದಲ್ಲಿ ತಾವೂ ತಯಾರಿಸಿದರು. 1927ರಲ್ಲಿ ಅವರ ಕಾರ್ಖಾನೆ ಡೀಸೆಲ್ ಪಂಪನ್ನು ಹೊರತಂದಿತು. ಡೀಸೆಲ್ ಲಾರಿಗೆ ಕಿಡಿಯೇ ಬೇಡವಷ್ಟೆ! ಕಿಡಿಯಿಂದ ಬಾಳಿದವರು ಕಿಡಿಯಿಲ್ಲದ ಎಂಜಿನ್ನಿಗೂ ದಾರಿಮಾಡಿಕೊಟ್ಟರು.

1906ರಲ್ಲಿಯೇ ಕೆಲಸಗಾರರಿಗೆ ಎಂಟು ಗಂಟೆಗಳ ದಿನವನ್ನು ಜಾರಿಗೆ ತಂದದ್ದು ಅವರ ಹಿರಿಮೆ. ಹಣ ಹೋದರೂ ಗಿರಾಕಿಯ ನಂಬಿಕೆ ಹೋಗಬಾರದೆಂಬುದು ಅವರ ನಿಯಮವಾಗಿತ್ತು. ಹಿಟ್ಲರನ ವಿರೋಧಿಗಳಿಗೆ ಅವರು ನೆರವಾದದ್ದು ನಿಜ. ಅವರ ಕಾರ್ಖಾನೆಗಳು ಅದೇ ಸರ್ಕಾರಕ್ಕೆ ಯುದ್ಧಸಾಮಗ್ರಿ ಮಾಡಿದ್ದೂ, ಬಲವಂತದ ದುಡಿಮೆಯನ್ನು ಬಳಸಿದ್ದೂ ಅಷ್ಟೇ ನಿಜ. ಚರಿತ್ರೆ ಬರೆಯುವವನು ಎರಡನ್ನೂ ಹೇಳಬೇಕು. 1942ನೆಯ ಮಾರ್ಚ್ 12ರಂದು ಅವರು ತೀರಿಕೊಂಡರು.

ಅವರ ಬಳಿಕ, 1970ರ ದಶಕದಲ್ಲಿ, ಪಾಯಿಂಟಿಲ್ಲದ ಇಲೆಕ್ಟ್ರಾನಿಕ್ ಇಗ್ನಿಷನ್ ರೂಢಿಗೆ ಬಂತು. ಹಳೆಯ ಪೆಟ್ರೋಲ್ ಲಾರಿ, ಜೀಪುಗಳನ್ನು ಉಳಿಸಿಕೊಂಡವರಿಗೆ ಅಂದಿನಿಂದ ಒಂದು ಸಮಸ್ಯೆ: ಪಾಯಿಂಟೋ, ಇಲೆಕ್ಟ್ರಾನಿಕ್ಕೋ? ಪಾಯಿಂಟು ಕಾಯಿಲಿನ ವಿದ್ಯುತ್ತನ್ನು ಥಟ್ಟನೆ ಕತ್ತರಿಸುತ್ತದೆ. ಆಗ ಸಾವಿರಾರು ವೋಲ್ಟು ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಕಿಡಿ ಬೇಕು. ಅಷ್ಟು ಬಡಿತಕ್ಕೆ ಪಾಯಿಂಟು ಸುಡುತ್ತದೆ, ಸವೆಯುತ್ತದೆ, ಟೈಮಿಂಗ್ ಜಾರುತ್ತದೆ. ಇಲೆಕ್ಟ್ರಾನಿಕ್ಕಿನಲ್ಲಿ ತಾಗುವ ಭಾಗವೇ ಇಲ್ಲ, ಸವೆತವೂ ಇಲ್ಲ. ಆದರೆ ಅದು ಕೆಟ್ಟರೆ ಅಲ್ಲಿಗೆ ಮುಗಿಯಿತು. ಪಾಯಿಂಟನ್ನಾದರೆ ಉಪ್ಪುಕಾಗದದಿಂದ ಉಜ್ಜಿ ಊರು ಸೇರಬಹುದು.

ರೇಷ್ಮೆಗೂಡು ಕಾಯುವ ಸರಕಲ್ಲ. ತಡವಾದರೆ ಚಿಟ್ಟೆ ಹೊರಬಿದ್ದು ಗೂಡು ಹಾಳು. ಕನಕಪುರದಿಂದಲೋ ಮಾಗಡಿಯಿಂದಲೋ ರಾಮನಗರದ ಗೂಡಿನ ಮಾರುಕಟ್ಟೆಗೆ ಹೊರಟ ಬಂಡಿ ನಡುರಾತ್ರಿ ನಿಂತರೆ ರೈತನ ತಿಂಗಳ ದುಡಿಮೆಯೇ ನಿಂತಂತೆ. ಆದುದರಿಂದ ನನ್ನ ಅಭಿಪ್ರಾಯವಿಷ್ಟು: ದಿನವೂ ದುಡಿಯುವ ಬಂಡಿಗೆ ಇಲೆಕ್ಟ್ರಾನಿಕ್ಕೇ ಮೇಲು. ಹಾಕಿಸುವ ಮುನ್ನ ಬಂಡಿ 6 ವೋಲ್ಟಿನದೋ 12 ವೋಲ್ಟಿನದೋ, ಅರ್ತಿಗೆ ಸೇರಿದ್ದು ಬ್ಯಾಟರಿಯ ಪ್ಲಸ್ಸೋ ಮೈನಸ್ಸೋ ಎಂದು ನೋಡಬೇಕು. ತಪ್ಪಿದರೆ ಹೊಸ ಸಾಮಾನು ಕ್ಷಣದಲ್ಲಿ ಸುಟ್ಟೀತು. ಕಳಚಿದ ಪಾಯಿಂಟು, ಕಂಡೆನ್ಸರುಗಳನ್ನು ಎಸೆಯದೆ ಬಂಡಿಯಲ್ಲಿಯೇ ಇಟ್ಟಿರಬೇಕು. ಅಪರೂಪಕ್ಕೆ ಓಡುವ ಬಂಡಿಗೆ ಪಾಯಿಂಟೇ ಸಾಕು.

ಹಳೆಯದೆಂದು ಹಳಿಯದೆ, ಹೊಸದೆಂದು ಮರುಳಾಗದೆ, ಪರೀಕ್ಷಿಸಿ ಆರಿಸುವುದೇ ಬಾಷ್ ಅವರ ಬಾಳು ನಮಗೆ ಕಲಿಸುವ ಪಾಠ. ಗ್ಯಾರೇಜಿಗೆ ಒಪ್ಪುವ ಈ ಮಾತು ನಮ್ಮ ಓದಿಗೂ ಒಪ್ಪುತ್ತದೆಂದು ನಾನು ನಂಬಿದ್ದೇನೆ.