ಮೃತ್ಯುಪತ್ರಕ್ಕೂ ಮುಂದಿನ ಮಾತು: ಜಮ್ಶೇಟ್‌ಜಿ ಟಾಟಾ

ಹಡಪಸರದಲ್ಲಿ ದುಡಿದು ಇಲ್ಲೊಂದು ಮನೆ, ಊರಲ್ಲೊಂದು ತುಂಡು ಹೊಲ ಮಾಡಿಟ್ಟ ನಮ್ಮ ಬಾಂಧವರಿಗೆ, ತಮ್ಮ ನಂತರ ಇದರ ಗತಿಯೇನು ಎಂಬ ಚಿಂತೆ ಒಂದಲ್ಲ ಒಂದು ದಿನ ಬಾರದಿರದು. ಆ ಚಿಂತೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಹೊತ್ತು, ಕನ್ನಡ ನಾಡನ್ನು ಋಣಿಯಾಗಿಸಿದವರು ಜಮ್ಶೇಟ್‌ಜಿ ಟಾಟಾ.

1839ರ ಮಾರ್ಚ್ 3ರಂದು ನವಸಾರಿಯ ಪಾರಸಿ ಅರ್ಚಕರ ಮನೆತನದಲ್ಲಿ ಜನಿಸಿದ ಅವರು ಮುಂಬಯಿಯಲ್ಲಿ ವ್ಯಾಪಾರಕ್ಕಿಳಿದು, 1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಗಿರಣಿಯನ್ನು ಆರಂಭಿಸಿದರು. ಬೆಂಗಳೂರಿನಲ್ಲಿ ರೇಷ್ಮೆ ತೋಟವನ್ನೂ ನಡೆಸಿದರು. 1898ರಲ್ಲಿ ಉನ್ನತ ವಿಜ್ಞಾನ ವಿದ್ಯಾಲಯವೊಂದಕ್ಕಾಗಿ ಮುಂಬಯಿಯ ತಮ್ಮ ಕಟ್ಟಡ, ಭೂಮಿಗಳನ್ನು ಕೊಡಲು ಮುಂದಾದರು. ಅವುಗಳ ಬೆಲೆ 30 ಲಕ್ಷ ರೂಪಾಯಿ. ಅವರ ಸಂಪತ್ತಿನ ಸುಮಾರು ಅರ್ಧ!

ಕೊಡುವ ಮನಸ್ಸು ದೊಡ್ಡದು; ಕೊಡುವ ದಾರಿ ಮಾತ್ರ ಸುಲಭವಾಗಿರಲಿಲ್ಲ. ಮೊದಲಿನ ಯೋಜನೆಯಲ್ಲಿ ವಿದ್ಯಾಲಯದ ದತ್ತಿಗೂ ಕುಟುಂಬದ ಆಸ್ತಿಯ ವ್ಯವಸ್ಥೆಗೂ ಗಂಟು ಬಿದ್ದಿತ್ತು. ವೈಸರಾಯ್ ಕರ್ಜನ್ನರ ಸರಕಾರ ಸಂಶಯದಿಂದ ನೋಡಿತು. ಕೊನೆಗೆ ಆ ಗಂಟನ್ನು ಬಿಡಿಸಿ, ಲೋಕದ ಪಾಲನ್ನೂ ಮನೆಯ ಪಾಲನ್ನೂ ಬೇರೆ ಮಾಡಬೇಕಾಯಿತು. ಪತ್ರವ್ಯವಹಾರದಲ್ಲಿಯೇ ವರ್ಷಗಳು ಕಳೆದವು. 1904ರ ಮೇ 19ರಂದು ಜರ್ಮನಿಯ ಬಾದ್ ನೌಹೈಮಿನಲ್ಲಿ ಜಮ್ಶೇಟ್‌ಜಿ ತೀರಿಕೊಂಡಾಗ ಒಂದು ಇಟ್ಟಿಗೆಯೂ ಏರಿರಲಿಲ್ಲ.

ಇಂಥ ಹೊತ್ತಿನಲ್ಲಿಯೇ ಎಷ್ಟೋ ಮನೆತನಗಳ ಒಳ್ಳೆಯ ಸಂಕಲ್ಪಗಳು ಮುರಿದು ಬೀಳುತ್ತವೆ. ಆದರೆ ಮಕ್ಕಳಾದ ದೊರಾಬ್ಜಿ, ರತನ್‌ಜಿಯವರು ತಂದೆಯ ಮಾತನ್ನು ತಮ್ಮದೇ ಸಾಲವೆಂಬಂತೆ ತೀರಿಸಿದರು. ತಂದೆಯ ಕಾಲದಿಂದಲೂ ಇದಕ್ಕಾಗಿ ದುಡಿದಿದ್ದ ಬರ್ಜೋರ್ಜಿ ಪಾದಶಾಹರು ಬೆನ್ನಿಗೆ ನಿಂತರು. 1907ರಲ್ಲಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಬೆಂಗಳೂರಿನಲ್ಲಿ 371 ಎಕರೆ ಭೂಮಿಯನ್ನಿತ್ತರು. 1909ರ ಮೇ 27ರಂದು, 1890ರ ಧರ್ಮದತ್ತಿ ಕಾಯಿದೆಯಂತೆ, ಆಸ್ತಿಯು ವಿದ್ಯಾಲಯದ ಉದ್ದೇಶಕ್ಕಾಗಿ ದತ್ತಿಗಳ ಖಜಾಂಚಿಯ ವಶಕ್ಕೆ ಹೋಯಿತು. ಅಂದಿನಿಂದ ಅದು ಯಾವ ವಾರಸುದಾರನ ಮರ್ಜಿಗೂ ಒಳಪಡದ ಸೊತ್ತಾಯಿತು. 1911ರಲ್ಲಿ ಪಾಠಗಳು ಆರಂಭವಾದವು. ಬೆಂಗಳೂರಿನ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಇದೇ.

ಮಕ್ಕಳೂ ಅದೇ ಹಾದಿ ಹಿಡಿದರು. ರತನ್‌ಜಿಯವರ ಹೆಸರಿನ ಟ್ರಸ್ಟು 1919ರಲ್ಲಿ, ದೊರಾಬ್ಜಿಯವರದು 1932ರಲ್ಲಿ ಸ್ಥಾಪನೆಯಾದವು.

ನಮ್ಮಲ್ಲಿ 30 ಲಕ್ಷದ ಮಹಲುಗಳಿಲ್ಲದಿರಬಹುದು. ನೀತಿ ಮಾತ್ರ ಒಂದೇ. ಮೃತ್ಯುಪತ್ರ ಬರೆದಿಟ್ಟರೆ ಕೆಲಸ ಮುಗಿಯದು. ಯಾವುದು ಯಾರದೆಂಬುದನ್ನು ಬದುಕಿರುವಾಗಲೇ ಬೇರ್ಪಡಿಸಬೇಕು. ಅದನ್ನು ಕಾಯುವವರನ್ನು ನೇಮಿಸಬೇಕು. ಎಲ್ಲಕ್ಕಿಂತ ಮೊದಲು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಮನಸ್ಸಿನ ಮಾತನ್ನು ಹೇಳಬೇಕು. ಕಾಗದ ಪೆಟ್ಟಿಗೆಯಲ್ಲಿ ಉಳಿದೀತು. ಮಾತು ಉಳಿಯಬೇಕಾದದ್ದು ಮಕ್ಕಳ ಮನಸ್ಸಿನಲ್ಲಿ.