ಪರೇಲಿನ ಹಾಫ್‌ಕಿನ್

ಸಾಂತಾಕ್ರೂಜಿನಿಂದ ಲೋಕಲ್ ಹಿಡಿದು ಪ್ರಭಾದೇವಿಯಲ್ಲಿಳಿದರೆ ಪರೇಲಿನ ಹಾಫ್‌ಕಿನ್ ಸಂಸ್ಥೆ ಹೆಚ್ಚು ದೂರವಿಲ್ಲ. ಕೋವಿಡ್ ಲಸಿಕೆಗೆ ಸಾಲು ನಿಂತ ದಿನಗಳಲ್ಲೇ ನಾನು ಆ ಹೆಸರಿನ ಹಿಂದಿನ ಮನುಷ್ಯನ ಬಗ್ಗೆ ಓದಿದ್ದು.

ವಾಲ್ಡೆಮಾರ್ ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಒಡೆಸ್ಸಾದ ಯಹೂದಿ ಕುಟುಂಬದಲ್ಲಿ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ತಯಾರಿಸಿ, ಅದನ್ನು ಹಿಡಿದುಕೊಂಡು 1893ರಲ್ಲಿ ಭಾರತಕ್ಕೆ ಬಂದರು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾ. ಅಕೇಶಿಯೊ ವೀಗಸ್ ಪ್ಲೇಗನ್ನು ಗುರುತಿಸಿದರು. ಲಕ್ಷಗಟ್ಟಲೆ ಜನ ಊರು ಬಿಟ್ಟು ಓಡಿದರು. ಸರ್ಕಾರ ಹಾಫ್‌ಕಿನ್‌ರನ್ನು ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕಿದ್ದು ಒಂದು ಪುಟ್ಟ ಕೋಣೆ, ಒಂದು ಕಾರಿಡಾರ್. ಸಹಾಯಕರಲ್ಲಿ ಒಬ್ಬರಿಗೆ ನರದೌರ್ಬಲ್ಯ, ಇಬ್ಬರು ಕೆಲಸವನ್ನೇ ಬಿಟ್ಟರು. ಆದರೂ ಮೂರೇ ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಮೊದಲ ಸೂಜಿ ಅವರಿಗೇ. ಜ್ವರ, ನೋವು ಎಲ್ಲ ಬಂತು, ಬದುಕಿದರು. ಆಮೇಲೆ ಬೈಕುಲಾ ಜೈಲಿನಲ್ಲಿ ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳಿಗೆ ಹಾಕಿದರು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಇದೇ ಲಸಿಕೆ ಹಾಕಿಸಿಕೊಂಡರು. ಅದೇ ವರ್ಷ ಪ್ಲೇಗು ಬೆಂಗಳೂರನ್ನೂ ಹೊಕ್ಕಿತು. ಪ್ಲೇಗಮ್ಮನ ಗುಡಿಗಳು ಎದ್ದದ್ದು ಆಗಲೇ.

1902ರ ಅಕ್ಟೋಬರಿನಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನ ಲಸಿಕೆ ಪಡೆದರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಅಂದು ತೆರೆದದ್ದು ಐದು ಬಾಟಲಿ, ಸತ್ತವರೆಲ್ಲ ಒಂದೇ ಬಾಟಲಿಯವರು. ತಪ್ಪು ಪರೇಲಿನ ಪ್ರಯೋಗಾಲಯದ್ದೇ ಎಂದು ವಿಚಾರಣಾ ಆಯೋಗ ತೀರ್ಮಾನಿಸಿತು, ಹಾಫ್‌ಕಿನ್ ಕೆಲಸ ಕಳೆದುಕೊಂಡರು. ಆದರೆ ಹಳ್ಳಿಯಲ್ಲಿ ಆ ಬಾಟಲಿ ತೆರೆಯುವಾಗ ಸಹಾಯಕನ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡದೆ ಬಳಸಿದ್ದ ಎಂಬ ಸಂಗತಿ ದಾಖಲೆಯಲ್ಲೇ ಇತ್ತು! ಐಟಿಯಲ್ಲಿರುವ ನಮಗೆ ಇದು ಹೊಸದಲ್ಲ: ಲಾಗ್ ನೋಡುವ ಮೊದಲೇ ಯಾರ ತಪ್ಪು ಎಂದು ನಿರ್ಧಾರವಾಗಿರುತ್ತದೆ. ಅದರಲ್ಲೂ ಆತ ವೈದ್ಯನಲ್ಲ, ಇಂಗ್ಲಿಷನಲ್ಲ, ಮೇಲೆ ಯಹೂದಿ.

ಮಲೇರಿಯಾದ ಗುಟ್ಟು ಬಿಡಿಸಿದ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಪತ್ರಿಕೆಗೆ ಬರೆದು ಅವರ ಪರ ಹೋರಾಡಿದರು. 1907ರಲ್ಲಿ ಆರೋಪ ಬಿತ್ತು. ಆದರೆ ಪರೇಲಿನ ಕುರ್ಚಿ ಮರಳಿ ಸಿಗಲಿಲ್ಲ. ಕಲ್ಕತ್ತೆಯಲ್ಲಿ ಕೆಲಸವೇನೋ ಕೊಟ್ಟರು, ಲಸಿಕೆಯ ಪ್ರಯೋಗ ನಡೆಸುವಂತಿರಲಿಲ್ಲ. 1914ರಲ್ಲಿ ನಿವೃತ್ತರಾದರು. ಮದುವೆಯಾಗಲೇ ಇಲ್ಲ. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು.

ಪರೇಲಿನ ಆ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟದ್ದು 1925ರಲ್ಲಿ. ಅವರು ನಿವೃತ್ತರಾಗಿ ಆಗಲೇ ಹತ್ತು ವರ್ಷ ದಾಟಿತ್ತು.