ಎರ್ನ್‌ಸ್ಟ್ ಅಬ್ಬೆ

ಕ್ಯಾಮರಾ ಮಸೂರದ ಕಿಂಡಿಯನ್ನು ಕಿರಿದು ಮಾಡಿದಷ್ಟೂ ಚಿತ್ರ ಸ್ಫುಟವಾಗುತ್ತದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇದು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಕಂಡುಕೊಂಡವರು ಜರ್ಮನಿಯ ಎರ್ನ್‌ಸ್ಟ್ ಅಬ್ಬೆಯವರು. (ಅಬ್ಬೆಯೆಂದರೆ ನಮಗೆ ತಾಯಿ, ಅಲ್ಲಿ ಅದು ಮನೆತನದ ಹೆಸರು.)

ಅವರು 1840ರ ಜನವರಿ 23ರಂದು ಐಸೆನಾಖ್ ಪಟ್ಟಣದಲ್ಲಿ ಜನಿಸಿದರು. ತಂದೆ ನೂಲಿನ ಗಿರಣಿಯಲ್ಲಿ ದಿನಕ್ಕೆ 14ರಿಂದ 16 ಗಂಟೆ ನಿಂತೇ ದುಡಿಯುತ್ತಿದ್ದರು. ಮಧ್ಯಾಹ್ನ ಬುತ್ತಿ ಒಯ್ಯುತ್ತಿದ್ದ ಬಾಲಕನು, ತಂದೆ ಯಂತ್ರಕ್ಕೆ ಒರಗಿಕೊಂಡು ಅವಸರದಿಂದ ಉಂಡು ಪಾತ್ರೆ ಹಿಂದಿರುಗಿಸುವುದನ್ನು ಕಾಣುತ್ತಿದ್ದನು.

ಗಿರಣಿಯ ಒಡೆಯರ ನೆರವಿನಿಂದ ಓದು ಮುಂದುವರಿಯಿತು. ಅಬ್ಬೆಯವರು ಯೇನಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. 1866ರಲ್ಲಿ ಅದೇ ಊರಿನ ಸೂಕ್ಷ್ಮದರ್ಶಕ ತಯಾರಕ ಕಾರ್ಲ್ ಜೈಸರು ಅವರ ಸಹಾಯ ಕೋರಿದರು. ಅಲ್ಲಿಯವರೆಗೆ ಮಸೂರಗಳನ್ನು ಕೈಯಂದಾಜಿನಿಂದ ಹೊಂದಿಸುತ್ತಿದ್ದರು. ಲೆಕ್ಕ ಹಾಕಿ ತಯಾರಿಸಬೇಕೆಂಬುದು ಜೈಸರ ಹಂಬಲ.

ಮಸೂರದ ಅಂಚಿನಲ್ಲಿ ಹಾಯುವ ಕಿರಣಗಳು ನಡುವಿನ ಕಿರಣಗಳೊಡನೆ ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ. ಆದುದರಿಂದ ಅಬ್ಬೆಯವರು ಕಿಂಡಿಯನ್ನು ಕಿರಿದುಗೊಳಿಸಿ, ಈ ದೋಷವನ್ನು ತಿದ್ದಿದ ಮಸೂರಗಳನ್ನು ಮಾಡಿಸಿದರು. ಅವು ಹಳೆಯ, ಅಗಲ ಕಿಂಡಿಯ ಮಸೂರಗಳಿಗಿಂತ ಕಡಿಮೆ ವಿವರ ತೋರಿಸಿದವು! ಬೇರೆಯವರಾದರೆ ಕೆಲಸಗಾರರನ್ನು ದೂರುತ್ತಿದ್ದರೇನೋ. ಅಬ್ಬೆಯವರು ಬೆಳಕನ್ನೇ ಪರೀಕ್ಷೆಗೆ ಒಡ್ಡಿದರು.

ಬೆಳಕು ಅಲೆಗಳಾಗಿ ಸಾಗುತ್ತದೆ. ಸೂಕ್ಷ್ಮ ವಸ್ತುವನ್ನು ಹಾದು ಬರುವಾಗ ಅದು ಬಾಗಿ ಹರಡುತ್ತದೆ, ಇದೇ ವಿವರ್ತನೆ. ವಿವರ ಸೂಕ್ಷ್ಮವಾದಷ್ಟೂ ಹರಡುವಿಕೆ ಹೆಚ್ಚು. ಹರಡಿದ ಬೆಳಕನ್ನು ಕಿರುಗಿಂಡಿ ಹೊರಗೇ ತಡೆಯುವುದರಿಂದ ಆ ವಿವರವೂ ಚಿತ್ರಕ್ಕೆ ಬಾರದು. ಈ ಸಿದ್ಧಾಂತವನ್ನು ಅವರು 1873ರಲ್ಲಿ ಪ್ರಕಟಿಸಿದರು.

ಕ್ಯಾಮರಾಕ್ಕೂ ವಿವರ್ತನೆಯ ಕಟ್ಟು ತಪ್ಪಿದ್ದಲ್ಲ. ಕಿಂಡಿ ಪೂರ್ತಿ ತೆರೆದರೆ ಅಂಚಿನ ಕಿರಣಗಳ ದೋಷ. ತೀರ ಕಿರಿದಾದರೆ ಪ್ರತಿ ಬಿಂದುವೂ ಪುಟ್ಟ ಬಿಲ್ಲೆಯಾಗಿ ಹರಡುತ್ತದೆ. ಮಸೂರದ ಮೇಲಿನ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದೆಂದು ತಿಳಿಯಬೇಕು. 35 ಮಿಲಿಮೀಟರ್ ಫಿಲ್ಮಿನ ಕ್ಯಾಮರಾದಲ್ಲಿ ಸಾಮಾನ್ಯವಾಗಿ 5.6 ಅಥವಾ 8ರಲ್ಲಿ ಚಿತ್ರ ಅತ್ಯಂತ ಸ್ಫುಟ. 22ಕ್ಕೆ ತಿರುಗಿಸಿದರೆ ಹತ್ತಿರದ ಮರವೂ ದೂರದ ಗುಡ್ಡವೂ ಒಟ್ಟಿಗೆ ಕಾಣುವುದು ನಿಜ. ಆದರೆ ಎಲೆಯ ನರಗಳು ಮಂಕಾಗುತ್ತವೆ.

ಅಬ್ಬೆಯವರು ಮುಂದೆ ಕಾರ್ಖಾನೆಯ ಪಾಲುದಾರರಾಗಿ ಶ್ರೀಮಂತರಾದರು. 1889ರಲ್ಲಿ ಜೈಸರ ಹೆಸರಿನ ಪ್ರತಿಷ್ಠಾನವನ್ನು ಸ್ಥಾಪಿಸಿ, 1891ರಲ್ಲಿ ಕಾರ್ಖಾನೆಯಲ್ಲಿದ್ದ ತಮ್ಮ ಪಾಲನ್ನು ಅದಕ್ಕೆ ಬರೆದುಕೊಟ್ಟರು. ಅವರ ಸೂತ್ರಕ್ಕಿಂತ ನಮಗೆ ಇದೇ ದೊಡ್ಡದೆನಿಸುತ್ತದೆ. 1900ರಲ್ಲಿ ಕಾರ್ಖಾನೆಯ ದುಡಿಮೆಯನ್ನು ದಿನಕ್ಕೆ 9 ಗಂಟೆಯಿಂದ 8 ಗಂಟೆಗೆ ಇಳಿಸಿದರು. ಅದರಿಂದ ಉತ್ಪಾದನೆ ಕುಗ್ಗಲಿಲ್ಲವೆಂದು ಲೆಕ್ಕವಿಟ್ಟು ತೋರಿಸಿದರು. ಅವರು 1905ರ ಜನವರಿ 14ರಂದು ಯೇನಾದಲ್ಲಿ ನಿಧನರಾದರು.